ಶವ ಕೃಷಿ ಹೊಂಡದಲ್ಲಿ, ಸುಳಿವು ದ್ರಾಕ್ಷಿ ಶೆಡ್ಡಿನಲ್ಲಿ: ಟಿವಿ ಕ್ರೈಂ ಎಪಿಸೋಡ್ ಬರೆಯುವ ಬಗೆ

ವಿಜಯಪುರದ ಕಥೆ ಅಂತ ಟಿವಿಯಲ್ಲಿ ಬರುವ ಕ್ರೈಂ ಎಪಿಸೋಡನ್ನು ಒಮ್ಮೆ ಗಮನವಿಟ್ಟು ನೋಡಿ. ಮೊದಲು ಗೋಳಗುಮ್ಮಟದ ಮೇಲೆ ಡ್ರೋನ್ ಒಂದು ಸುತ್ತು ಹೊಡೆಯುತ್ತದೆ. ಮುಗೀತು, ಊರು ತೋರಿಸಿಯಾಯಿತು. ಮುಂದಿನ ಶಾಟಿನಲ್ಲಿ ಮನೆಯ ಹಿಂದೆ ತೆಂಗಿನ ತೋಟ, ಪಕ್ಕದಲ್ಲಿ ಹೆಂಚಿನ ಮನೆ, ಕೆಂಪು ಮಣ್ಣು. ನಮ್ಮ ಕಡೆಯ ಕಪ್ಪು ಮಣ್ಣು, ಮಣ್ಣಿನ ಮಾಳಿಗೆ ಮನೆ, ಜೋಳದ ಕಣಿಕೆ ಎಲ್ಲಿ ಹೋದವೋ ಗೊತ್ತಿಲ್ಲ. ಮೀಸೆ ತಿರುವಿಕೊಂಡು ಒಬ್ಬ ಬರುತ್ತಾನೆ, ಸೊಂಟದಲ್ಲಿ ಕಂಟ್ರಿ ಪಿಸ್ತೂಲು. ಹಿಂದೆ ‘ಭೀಮಾ ತೀರ’ ಅಂತ ದಪ್ಪ ದನಿಯಲ್ಲಿ ಯಾರೋ ಹೇಳುತ್ತಾರೆ.

ನಾನು ಇದೇ ಊರಿನವನು. ಕೆಲವು ವರ್ಷಗಳಿಂದ ಇಂಥ ಎಪಿಸೋಡ್ ಬರೆಯುತ್ತಿದ್ದೇನೆ. ಬರೆದದ್ದರಲ್ಲಿ ಅರ್ಧಕ್ಕರ್ಧ ವಾಪಸ್ ಬಂದಿದೆ. ನನ್ನ ಮೊದಲ ಸ್ಕ್ರಿಪ್ಟಿನಲ್ಲೂ ಪಿಸ್ತೂಲು ಇತ್ತು, ಡ್ರೋನೂ ಇತ್ತು. ನಾಯಕ ‘ಎಸಿಪಿ’ ಆಗಿದ್ದ. ಪೊಲೀಸ್ ಇಲಾಖೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಕಾಕಾ ಅದನ್ನು ಓದಿ, ‘ಅಲ್ಲೋ, ಎಸಿಪಿ ಇರೂದು ಕಮಿಷನರೇಟಿನ್ಯಾಗ. ನಮ್ಮ ಜಿಲ್ಲಾದಾಗ ಎಲ್ಲಿಂದ ತಂದಿ?’ ಅಂತ ನಕ್ಕರು. ಬೆಳಗಾವಿ ನಗರಕ್ಕೆ ಪೊಲೀಸ್ ಕಮಿಷನರ್ ಇದ್ದಾರೆ. ವಿಜಯಪುರ, ಬಾಗಲಕೋಟೆಗೆ ಎಸ್ಪಿ, ಅವರ ಕೆಳಗೆ ಡಿವೈಎಸ್‌ಪಿ. ಇಷ್ಟು ಸಣ್ಣ ವಿಷಯವನ್ನು ನಾನು ಊರಲ್ಲಿ ಕೇಳಿರಲಿಲ್ಲ, ಟಿವಿ ನೋಡಿ ಬರೆದಿದ್ದೆ.

ಈಗ ನಾನು ಹೇಗೆ ಬರೆಯುತ್ತೇನೆ ಅನ್ನುವುದನ್ನು ಒಂದೇ ಕಥೆ ಹಿಡಿದು ಹಂತಹಂತವಾಗಿ ಹೇಳುತ್ತೇನೆ. ಕಥೆಯೂ ಪಾತ್ರಗಳೂ ನಾನು ಕಟ್ಟಿದವು.

ಮೊದಲು ಸೂತ್ರ ಗೊತ್ತಿರಲಿ

ಕ್ರೈಂ ಧಾರಾವಾಹಿ ನೋಡುವವರಿಗೆ ಅದರ ಆಟದ ನಿಯಮ ಬಾಯಿಪಾಠ. ಮೊದಲ ಮೂರು ನಿಮಿಷದಲ್ಲಿ ಹೆಣ ಬೀಳಬೇಕು. ಪೊಲೀಸರು ಮೊದಲು ಹಿಡಿದವನು ಕೊಲೆಗಾರ ಆಗಿರಬಾರದು. ಜಾಹೀರಾತಿಗೆ ಮುಂಚೆ ಒಂದು ಫೋನ್ ಬರಬೇಕು, ಎತ್ತಿದವರು ‘ವಾಟ್!’ ಅನ್ನಬೇಕು. ಸಿಟ್ಟಿನ ಇನ್‌ಸ್ಪೆಕ್ಟರ್ ಒಬ್ಬ, ತಿಂಡಿಪೋತ ಕಾನ್‌ಸ್ಟೇಬಲ್ ಒಬ್ಬ. ತೀರಾ ಒಳ್ಳೆಯವನ ಹಾಗೆ ಕಾಣುವ, ಬಂದವರಿಗೆಲ್ಲ ಚಹಾ ಕೊಡುವ ಮನುಷ್ಯ ಒಬ್ಬ. ಅವನ ಮೇಲೆ ನಮ್ಮ ಅವ್ವನಿಗೆ ಹತ್ತನೇ ನಿಮಿಷಕ್ಕೇ ಸಂಶಯ ಬಂದಿರುತ್ತದೆ. ಕೊನೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸತ್ಯ ಹೇಳುವುದು, ಕೊಲೆಗಾರ ಅಳುತ್ತಾ ಒಪ್ಪಿಕೊಳ್ಳುವುದು.

ಇವನ್ನು ಬೈಯುವುದು ಸುಲಭ. ಆದರೆ ಬಯಲಾಟ ನೋಡಲು ಕೂತವರಿಗೆ ರಾಕ್ಷಸ ಬರುವಾಗ ಕೂಗುತ್ತಲೇ ಬರುತ್ತಾನೆ ಅಂತ ಗೊತ್ತಿರುತ್ತದೆ. ಅದಕ್ಕೇ ಕಾದು ಕೂತಿರುತ್ತಾರೆ. ಟಿವಿಯದೂ ಹಾಗೇ. ಸೂತ್ರವನ್ನು ಪೂರ್ತಿ ಕಿತ್ತು ಹಾಕಿದರೆ ನೋಡುವವರು ಚಾನೆಲ್ ಬದಲಿಸುತ್ತಾರೆ. ನಾನು ಚೌಕಟ್ಟನ್ನು ಹಾಗೇ ಇಟ್ಟುಕೊಳ್ಳುತ್ತೇನೆ. ಒಳಗಿನ ಸುಳಿವು ಮಾತ್ರ ನಮ್ಮೂರಿನ ದುಡಿಮೆಯಿಂದ ಬರಬೇಕು ಅಂತ ಹಟ ಮಾಡುತ್ತೇನೆ. ಬೇರೆ ಊರಿಗೆ ಎತ್ತಿಕೊಂಡು ಹೋದರೆ ಆ ಸುಳಿವು ಕೆಲಸ ಮಾಡಬಾರದು.

ಯಾವ ಬಗೆಯ ಕಥೆ?

ಇದನ್ನು ಮೊದಲೇ ತೀರ್ಮಾನಿಸಿ. ‘ಯಾರು ಮಾಡಿದರು’ ಅನ್ನುವ ಬಗೆಯಲ್ಲಿ ಕೊಲೆಗಾರ ಕೊನೆಯವರೆಗೆ ಮರೆಯಲ್ಲಿರುತ್ತಾನೆ. ‘ಹೇಗೆ ಸಿಕ್ಕಿಬೀಳುತ್ತಾನೆ’ ಅನ್ನುವ ಬಗೆಯಲ್ಲಿ ಕೊಲೆಯನ್ನು ಮೊದಲೇ ತೋರಿಸಿಬಿಡುತ್ತೀರಿ, ಮಜಾ ಇರುವುದು ಪೊಲೀಸರು ಅವನ ಹತ್ತಿರ ಬರುವುದನ್ನು ನೋಡುವುದರಲ್ಲಿ. ಮೂರನೆಯದು ಠಾಣೆಯ ದಿನಚರಿಯ ಕಥೆ. ನಾಲ್ಕನೆಯದು ನಿಜವಾದ ಕೇಸನ್ನು ಮತ್ತೆ ಆಡಿ ತೋರಿಸುವುದು. ಹೊಸಬರು ಈ ನಾಲ್ಕನೆಯದಕ್ಕೆ ಕೈ ಹಾಕದಿರುವುದು ಒಳ್ಳೆಯದು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ನಮ್ಮ ಕಥೆ ಮೊದಲ ಬಗೆಯದು.

ಕೊಲೆ ಹುಡುಕಬೇಡಿ, ಕೆಲಸ ಹುಡುಕಿ

ಎಲ್ಲರೂ ‘ಹೊಸ ಥರದ ಕೊಲೆ’ ಹುಡುಕುತ್ತಾ ಕೂರುತ್ತಾರೆ. ವಿಷ, ಹಾವು, ಕರೆಂಟು, ಎಲ್ಲ ಆಗಿಹೋಗಿದೆ. ನೀವು ಸುತ್ತಲಿನ ಕಸುಬುಗಳನ್ನು ನೋಡಿ. ಒಂದೊಂದು ಕಸುಬಿನಲ್ಲೂ ಒಳಗಿನವರಿಗೆ ಮಾತ್ರ ಕಾಣುವ ಏನೋ ಒಂದು ಇರುತ್ತದೆ.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ‘ಇದು ಕೈಮಗ್ಗದ್ದು, ಇದನ್ನು ನೇಯುತ್ತಾ ಆ ವಾರವೆಲ್ಲ ಮನೆಯಲ್ಲೇ ಇದ್ದೆ’ ಅಂತ ಒಬ್ಬ ಸೀರೆ ತೋರಿಸುತ್ತಾನೆ ಅಂದುಕೊಳ್ಳಿ. ಸೆರಗು ಸೇರುವ ಜಾಗದಲ್ಲಿ ಕೊಂಡಿಯೇ ಇಲ್ಲ! ಅಲ್ಲಿಗೆ ಅವನ ಸುಳ್ಳು ಹರಿಯಿತು. ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿಗೆ ಹೋದ ಹಳೆಯ ಓಣಿಗಳಿವೆ, ಎಬ್ಬಿಸಿದವರಿಗೆ ಕಟ್ಟಿದ ನವನಗರವಿದೆ. ಪರಿಹಾರದ ಕಾಗದಕ್ಕಾಗಿ ಅಣ್ಣತಮ್ಮಂದಿರು ಜಗಳವಾಡುವ ಕಥೆ ಅಲ್ಲಿ ಯಾರಿಗೂ ವಿವರಿಸಬೇಕಿಲ್ಲ. ನೀರಲ್ಲಿ ಮುಳುಗಿದ ಮನೆಯ ಗೋಡೆಯನ್ನು ಯಾರು ಯಾರು ಹಂಚಿಕೊಂಡಿದ್ದರು, ಬಾಗಿಲು ಯಾವ ದಿಕ್ಕಿಗಿತ್ತು ಅನ್ನುವುದು ಆ ಓಣಿಯ ಮುದುಕಿಗೆ ಮಾತ್ರ ನೆನಪಿದೆ. ಬೆಳಗಾವಿ ಕಡೆ ಬಂದರೆ ಕಬ್ಬು. ಕಡಿದ ಕಬ್ಬು ನಿಂತಷ್ಟೂ ಒಣಗಿ ತೂಕ ಇಳಿಯುತ್ತದೆ. ಸಕ್ಕರೆ ಕಾರ್ಖಾನೆ ಮುಂದೆ ಎರಡು ದಿನ ಸಾಲಿನಲ್ಲಿ ನಿಂತ ಟ್ರ್ಯಾಕ್ಟರ್ ಯಾವುದು, ಈಗ ಬಂದದ್ದು ಯಾವುದು ಅಂತ ರೈತ ದೂರದಿಂದಲೇ ಹೇಳುತ್ತಾನೆ.

ನಾನು ಆರಿಸಿಕೊಂಡದ್ದು ನಮ್ಮ ಜಿಲ್ಲೆಯ ತಿಕೋಟಾ ಕಡೆಯ ಮಣೂಕ, ಅಂದರೆ ಒಣದ್ರಾಕ್ಷಿ. ದ್ರಾಕ್ಷಿ ಗೊನೆಯನ್ನು ಕಡಿದು ತಂದು, ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಲೀಟರಿಗೆ ಸುಮಾರು 25 ಗ್ರಾಂ ಪುಡಿ, 15 ಮಿಲಿ ಆಯಿಲ್. ಇದರಿಂದ ಕಾಯಿಯ ಮೇಲಿನ ಮೇಣದ ಪದರ ಸಡಿಲವಾಗಿ ಒಳಗಿನ ನೀರು ಬೇಗ ಆರುತ್ತದೆ. ಆಮೇಲೆ ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ನೆಟ್ಟುಗಳ ಮೇಲೆ ಹಾಸುತ್ತಾರೆ. ಎರಡು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ, ನೆರಳಲ್ಲಿ ಗಾಳಿಗೆ ಒಣಗುತ್ತದೆ. ಈಗಷ್ಟೇ ಹಾಸಿದ ಕಾಯಿ ಉಬ್ಬಿಕೊಂಡು, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿರುತ್ತದೆ. ನಾಲ್ಕೈದು ದಿನವಾಯಿತೆಂದರೆ ಹೊಳಪು ಹೋಗಿ ಸಿಪ್ಪೆ ಸುಕ್ಕಾಗಲು ಶುರುವಾಗುತ್ತದೆ, ಹಸಿರು ಹಳದಿಗೆ ತಿರುಗುತ್ತದೆ.

ನೋಡಿ, ಇಷ್ಟೇ ಸಾಕು. ಶೆಡ್ಡಿನ ನೆಟ್ಟು ಅಂದರೆ ಗೋಡೆಗೆ ನೇತು ಹಾಕಿದ ಕ್ಯಾಲೆಂಡರ್ ಇದ್ದ ಹಾಗೆ. ಓದಲು ಬರುವವರು ಬೇಕು ಅಷ್ಟೇ.

ಕಥೆಯನ್ನು ಕೊಲೆಗಾರನ ಕಡೆಯಿಂದ ಬರೆಯಿರಿ

ಪೊಲೀಸರು ಏನು ಮಾಡುತ್ತಾರೆ ಅಂತ ಯೋಚಿಸುವ ಮೊದಲು, ನಿಜವಾಗಿ ಏನಾಯಿತು ಅನ್ನುವುದನ್ನು ತಾರೀಖು, ಹೊತ್ತು ಹಾಕಿ ಒಂದು ಹಾಳೆಯಲ್ಲಿ ಬರೆದಿಡಿ. ಈ ಹಾಳೆ ಯಾವ ದೃಶ್ಯದಲ್ಲೂ ಬರುವುದಿಲ್ಲ. ಆದರೆ ಇದಿಲ್ಲದೆ ಬರೆದರೆ ಕೊನೆಯ ಹತ್ತು ಪುಟ ಖಂಡಿತ ಕೈ ಕೊಡುತ್ತದೆ. ನನ್ನ ಹಾಳೆ ಹೀಗಿತ್ತು:

ಶಿವರಾತ್ರಿ ಅಮಾವಾಸ್ಯೆ, ಗುರುವಾರ ರಾತ್ರಿ: ಅಪ್ಪಾಸಾಹೇಬನ ಶೆಡ್ಡಿನಲ್ಲಿ ಆಳುಗಳು ರಾತ್ರಿಯೆಲ್ಲ ದ್ರಾಕ್ಷಿ ಹಾಸುತ್ತಾರೆ. ಅಪ್ಪಾಸಾಹೇಬ ಜೊತೆಗೇ ಇರುತ್ತಾನೆ.

ಶನಿವಾರ: ಪಾಲುದಾರ ಮಲ್ಲಣ್ಣ ತೂಕದ ಲೆಕ್ಕದಲ್ಲಿ ಮೋಸ ಕಂಡುಹಿಡಿಯುತ್ತಾನೆ.

ಸೋಮವಾರ ರಾತ್ರಿ 10ರ ಸುಮಾರಿಗೆ: ಜಗಳ. ಅಪ್ಪಾಸಾಹೇಬ ಮಲ್ಲಣ್ಣನ ಕುತ್ತಿಗೆ ಹಿಸುಕುತ್ತಾನೆ. ಹೆಣವನ್ನು ಕೃಷಿ ಹೊಂಡಕ್ಕೆ ತಳ್ಳುತ್ತಾನೆ. ಹಾಜರಿ ಪುಸ್ತಕದ ಹಾಳೆ ಹರಿದು, ಗುರುವಾರದ ಕೆಲಸವನ್ನು ಸೋಮವಾರದ ತಾರೀಖಿಗೆ ಬರೆಯುತ್ತಾನೆ.

ಮಂಗಳವಾರ ಬೆಳಿಗ್ಗೆ: ಹೊಂಡದಲ್ಲಿ ಹೆಣ ಕಾಣುತ್ತದೆ. ಹಾಸಿದ ಪ್ಲಾಸ್ಟಿಕ್ ಜಾರುತ್ತದೆ, ಕಾಲು ಜಾರಿ ಬಿದ್ದ ಅಂತ ಎಲ್ಲರೂ ನಂಬುತ್ತಾರೆ.

ಇದರಲ್ಲಿ ನನಗೆ ಇಷ್ಟವಾದದ್ದು ಒಂದೇ. ಆಳುಗಳು ಯಾರೂ ಸುಳ್ಳು ಹೇಳುವುದಿಲ್ಲ. ‘ದ್ರಾಕ್ಷಿ ಹಾಸಿದ ರಾತ್ರಿ ಅಪ್ಪಾಸಾಹೇಬರು ಅಲ್ಲಿದ್ದರಾ?’ ಅಂತ ಕೇಳಿದರೆ ‘ಹೌದ್ರೀ, ಇದ್ರು’ ಅನ್ನುತ್ತಾರೆ. ಅದು ನಿಜವೇ. ‘ಅದು ಯಾವ ರಾತ್ರಿ?’ ಅಂತ ಮಾತ್ರ ಯಾರೂ ಕೇಳಿರುವುದಿಲ್ಲ. ಪುಸ್ತಕದಲ್ಲಿ ಸೋಮವಾರ ಅಂತ ಬರೆದಿದೆಯಲ್ಲ!

ಸಂಶಯಿತರು: ಮೂರು ಸಾಕು, ನಾಲ್ಕು ಜಾಸ್ತಿ

ಒಬ್ಬೊಬ್ಬರಿಗೂ ಕೊಲ್ಲಲು ಒಂದು ಕಾರಣ ಬೇಕು, ಜೊತೆಗೆ ಮುಚ್ಚಿಡಲು ಬೇರೆಯದೇ ಒಂದು ಗುಟ್ಟೂ ಬೇಕು. ಆ ಗುಟ್ಟಿಗಾಗಿ ಅವರು ಪೊಲೀಸರಿಗೆ ಸುಳ್ಳು ಹೇಳುತ್ತಾರೆ, ನಾವು ದಾರಿ ತಪ್ಪುತ್ತೇವೆ. ರೈತ ಸಿದ್ದಪ್ಪ ಎಲ್ಲರ ಮುಂದೆ ‘ನನ್ನ ರೊಕ್ಕಾ ಕೊಡ್ಲಿಲ್ಲಂದ್ರ ನಿನ್ನ ಮುಗಸ್ತೀನಿ’ ಅಂತ ಕೂಗಿರುತ್ತಾನೆ. ಸೋಮವಾರ ರಾತ್ರಿ ಎಲ್ಲಿದ್ದೆ ಅಂದರೆ ಬಾಯಿ ಬಿಡುವುದಿಲ್ಲ. ಅವನು ಹೆಂಡತಿಯ ಬಂಗಾರ ಅಡವಿಡಲು ಮಿರಜ್‌ಗೆ ಹೋಗಿದ್ದ, ಅದು ಮನೆಯಲ್ಲಿ ಗೊತ್ತಾಗಬಾರದು. ಮಲ್ಲಣ್ಣನ ತಮ್ಮನಿಗೆ ಹೊಲದ ಮೇಲೆ ಕಣ್ಣು. ಮೂರನೆಯವನು ಅಪ್ಪಾಸಾಹೇಬ. ಬಂದವರಿಗೆಲ್ಲ ಚಹಾ ಕೊಡುವವನು ಇವನೇ. ಬೇಡ ಅಂತ ನನಗೂ ಅನಿಸಿತು. ಆದರೆ ನಮ್ಮ ಕಡೆ ಮನೆಗೆ ಬಂದವರಿಗೆ ಚಹಾ ಕೊಡದವನ ಮೇಲೆ ಇನ್ನೂ ಜಾಸ್ತಿ ಸಂಶಯ ಬರುತ್ತದೆ. ಅದಕ್ಕೆ ಮೂವರ ಕೈಯಲ್ಲೂ ಚಹಾ ಕೊಡಿಸಿಬಿಟ್ಟೆ.

ಸುಳಿವು ಕಣ್ಣೆದುರಿಗೇ ಇರಲಿ

1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಇಂಗ್ಲೆಂಡಿನ ಪಾದ್ರಿ, ತಾನೂ ಪತ್ತೇದಾರಿ ಕಥೆ ಬರೆಯುತ್ತಿದ್ದವನು, ಇಂಥ ಕಥೆಗಳಿಗೆ ಹತ್ತು ನಿಯಮ ಬರೆದ. ಕೆಲವು ಈಗ ಓದಿದರೆ ನಗು ಬರುತ್ತದೆ. ಆದರೆ ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗನಿಂದ ಮುಚ್ಚಿಡಬಾರದು ಅನ್ನುವ ನಿಯಮ ಇವತ್ತಿಗೂ ಗಟ್ಟಿ. ಕೊನೆಯ ದೃಶ್ಯದಲ್ಲಿ ಜೇಬಿನಿಂದ ಯಾವುದೋ ಚೀಟಿ ತೆಗೆದು ‘ಇದು ಮೊನ್ನೆಯೇ ಸಿಕ್ಕಿತ್ತು’ ಅಂದರೆ ನೋಡುವವರಿಗೆ ಸಿಟ್ಟು ಬರದೆ ಇನ್ನೇನು?

ಟಿವಿಯಲ್ಲಿ ಸುಳಿವನ್ನು ಮೂರು ಸಲ ತೋರಿಸಬೇಕು, ಯಾಕೆಂದರೆ ಒಂದು ಸಲ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ. ಮೊದಲ ಸಲ ಸುಮ್ನೆ ಹಿಂದೆ ಕಾಣಬೇಕು. ನನ್ನ ಕಥೆಯಲ್ಲಿ ಅಪ್ಪಾಸಾಹೇಬನ ಮೊದಲ ವಿಚಾರಣೆ ಶೆಡ್ಡಿನೊಳಗೇ ನಡೆಯುತ್ತದೆ. ಅವನ ಹಿಂದೆ ನೆಟ್ಟಿನ ಮೇಲೆ ಹಳದಿಗೆ ತಿರುಗಿದ, ಸುಕ್ಕಾದ ಕಾಯಿ. ಅವನು ಹೇಳುತ್ತಿರುವುದು ‘ರಾತ್ರಿ ಎಲ್ಲಾ ಇದನ್ನ ಹಾಸಾಕತ್ತಿದ್ವಿ ಸಾಹೇಬ್ರ’. ಪರದೆಯ ಮೇಲೆ ಸುಳ್ಳೂ ಇದೆ, ಸತ್ಯವೂ ಇದೆ. ಎರಡನೇ ಸಲ ಬೇರೆ ನೆಪದಲ್ಲಿ. ಇನ್ನೊಬ್ಬರ ಶೆಡ್ಡಿನಲ್ಲಿ ಈಗಷ್ಟೇ ಅದ್ದಿ ತೆಗೆದ ಹೊಳೆಯುವ ಕಾಯಿ, ಒಂದು ಹುಡುಗಿ ಅದನ್ನು ತಿನ್ನಲು ಹೋಗಿ ಅವ್ವನ ಕೈಯಲ್ಲಿ ಬೈಸಿಕೊಳ್ಳುವುದು. ನಗು ತರಿಸುವ ದೃಶ್ಯ, ಯಾರೂ ಅದನ್ನು ಸುಳಿವು ಅಂದುಕೊಳ್ಳುವುದಿಲ್ಲ. ಮೂರನೇ ಸಲ ಕಾನ್‌ಸ್ಟೇಬಲ್ ರೇಣುಕಾ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾಳೆ.

ರೇಣುಕಾ ಬಗ್ಗೆ ಒಂದು ಮಾತು. ಸೂತ್ರದ ಪ್ರಕಾರ ಉತ್ತರ ಕರ್ನಾಟಕದ ಭಾಷೆ ಆಡುವ ಕಾನ್‌ಸ್ಟೇಬಲ್ ಅಂದರೆ ಕಾಮಿಡಿ. ಇನ್‌ಸ್ಪೆಕ್ಟರ್ ಮಾತ್ರ ಬೆಂಗಳೂರಿನ ಕನ್ನಡ. ನಾನು ಇದನ್ನು ತಿರುಗಿಸಿ ಹಾಕಿದೆ. ರೇಣುಕಾ ಮಣೂಕದ ಶೆಡ್ಡಿನಲ್ಲೇ ಬೆಳೆದವಳು, ಇಡೀ ಠಾಣೆಯಲ್ಲಿ ಶೆಡ್ಡನ್ನು ಓದಲು ಬರುವುದು ಅವಳೊಬ್ಬಳಿಗೇ. ಚಾನೆಲ್ಲಿನವರು ‘ಸ್ವಲ್ಪ ನಗಿಸೋಕೆ ಆಗಲ್ವಾ’ ಅಂದರು. ನಗಿಸುವ ಕೆಲಸವನ್ನು ಇನ್‌ಸ್ಪೆಕ್ಟರಿಗೆ ಕೊಟ್ಟೆ. ದಕ್ಷಿಣದಿಂದ ಬಂದ ಅವರಿಗೆ ಖಡಕ್ ರೊಟ್ಟಿ ಮುರಿಯಲು ಬರುವುದಿಲ್ಲ.

ಠಾಣೆ, ಕಾನೂನು: ಎಲ್ಲಿ ತಪ್ಪಬಾರದು

2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಹೋಗಿ ಹೊಸ ಮೂರು ಕಾನೂನು ಬಂದಿವೆ. ನಾಯಕ ಇನ್ನೂ ‘302 ಹಾಕ್ರಿ’ ಅನ್ನುತ್ತಿದ್ದರೆ ಕಥೆ ಅದಕ್ಕಿಂತ ಹಿಂದಿನದಾಗಿರಬೇಕು. ಕೊಲೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ. ಹಳೆಯ ಹವಾಲ್ದಾರ ‘302’ ಅಂದು, ಆಮೇಲೆ ನಾಲಿಗೆ ಕಚ್ಚಿ ‘ಅಲ್ಲಲ್ಲ, 103’ ಅಂದರೆ ಅದೇ ಒಂದು ಚೆಂದದ ಸಣ್ಣ ದೃಶ್ಯ.

ಹೊಂಡದಲ್ಲಿ ಹೆಣ ಸಿಕ್ಕ ಕೂಡಲೇ ಕೊಲೆ ಕೇಸು ದಾಖಲಾಗುವುದಿಲ್ಲ. ಮೊದಲು ಅಸ್ವಾಭಾವಿಕ ಸಾವು, ಠಾಣೆಯ ಮಾತಿನಲ್ಲಿ ಯುಡಿಆರ್. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಪಂಚರ ಮುಂದೆ ಶವದ ಪಂಚನಾಮೆ, ಆಮೇಲೆ ಜಿಲ್ಲಾ ಆಸ್ಪತ್ರೆಗೆ. ವೈದ್ಯರು ‘ನೀರಿಗೆ ಬೀಳುವ ಮುಂಚೆಯೇ ಜೀವ ಹೋಗಿರಬೇಕು, ಕುತ್ತಿಗೆ ಒಳಗೆ ಗಾಯ ಇದೆ’ ಅಂದ ಮೇಲೆ ಕೊಲೆ ಪ್ರಕರಣ. ಈ ತಿರುವು ಪುಕ್ಕಟೆ ಸಿಗುತ್ತದೆ, ಮೊದಲ ಜಾಹೀರಾತಿಗೆ ಹೇಳಿ ಮಾಡಿಸಿದ ಹಾಗೆ. ಫೋನ್ ಎತ್ತಿ ‘ವಾಟ್!’ ಅನ್ನಿಸಬೇಕಾಗಿಲ್ಲ. ಹವಾಲ್ದಾರ ಯುಡಿಆರ್ ಫೈಲನ್ನು ಬದಿಗಿಟ್ಟು ಹೊಸ ಫೈಲು ತೆಗೆದರೆ ಸಾಕು.

ಕೊಲೆ ತನಿಖೆ ಸಾಮಾನ್ಯವಾಗಿ ಇನ್‌ಸ್ಪೆಕ್ಟರ್ ಕೈಯಲ್ಲಿರುತ್ತದೆ. ಶೋಧ, ಜಪ್ತಿ ಮಾಡುವಾಗ ವಿಡಿಯೋ ಮಾಡಬೇಕೆಂಬ ನಿಯಮ ಈಗ ಬಂದಿದೆ, ಮೊಬೈಲಿನಲ್ಲೂ ಆಗುತ್ತದೆ. ಕ್ಯಾಮೆರಾದೊಳಗೆ ಕ್ಯಾಮೆರಾ, ನಿರ್ದೇಶಕರಿಗೆ ಖುಷಿ. ಹಾಜರಿ ಪುಸ್ತಕ ಜಪ್ತಿ ಮಾಡಿದ ವಿಡಿಯೋದ ಹಿಂದೆಯೇ ನೆಟ್ಟಿನ ದ್ರಾಕ್ಷಿ ಕಾಣುವಂತೆ ಬರೆದೆ. ಮಂಗಳವಾರ ಕಾಯಿ ಹೇಗಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಇಲ್ಲದಿದ್ದರೆ ರೇಣುಕಾಗೆ ಹೊಳೆಯುವ ಹೊತ್ತಿಗೆ ಕಾಯಿ ಒಣಗಿ ಮಣೂಕವಾಗಿ ಡಬ್ಬಿ ಸೇರಿರುತ್ತಿತ್ತು! ಮೊದಲ ಡ್ರಾಫ್ಟಿನಲ್ಲಿ ಇದು ನನಗೆ ಹೊಳೆದೇ ಇರಲಿಲ್ಲ.

ಹೆಂಗಸರನ್ನು ಸಾಕ್ಷಿ ಹೇಳಲು ಠಾಣೆಗೆ ಬಾ ಅಂತ ಒತ್ತಾಯ ಮಾಡುವಂತಿಲ್ಲ, ಅವರ ಮನೆಗೇ ಹೋಗಿ ಕೇಳಬೇಕು. 15 ವರ್ಷದೊಳಗಿನ, 60 ದಾಟಿದ ಗಂಡಸರಿಗೂ ಇದೇ ನಿಯಮ. ಟಿವಿಯವರು ಇದನ್ನು ಮರೆತು ಎಲ್ಲರನ್ನೂ ಕತ್ತಲೆ ಕೋಣೆಯ ತೂಗುವ ಬಲ್ಬಿನ ಕೆಳಗೆ ಕೂರಿಸುತ್ತಾರೆ. ಕಾನೂನು ಪಾಲಿಸಿದರೆ ದೃಶ್ಯವೇ ಚೆನ್ನಾಗಿ ಬರುತ್ತದೆ. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಿದೆ, ಒಲೆಯ ಹೊಗೆಯಿದೆ, ಮಾತಾಡುವವರ ಕೈಗೆ ಕೆಲಸವಿದೆ.

ಇನ್ನು ಚಿಕ್ಕಪುಟ್ಟವು. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮಂಪರು ಪರೀಕ್ಷೆಯನ್ನು ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಆ ಕೇಸಿನ ಹೆಸರಲ್ಲೇ ಕರ್ನಾಟಕ ಇದೆ. ಹೊಂಡ ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೆ ಅಂತ ಇಬ್ಬರು ಕಿತ್ತಾಡುವ ದೃಶ್ಯವೂ ಹಳೆಯದಾಯಿತು, ಯಾವ ಠಾಣೆಯಲ್ಲಾದರೂ ಜೀರೋ ಎಫ್‌ಐಆರ್ ಮಾಡಬಹುದು. ನಮ್ಮ ನ್ಯಾಯಾಧೀಶರು ಸುತ್ತಿಗೆ ಬಡಿಯುವುದಿಲ್ಲ. ಮೇಲ್ಮನವಿ ಹೋಗುವುದಾದರೆ ಬೆಳಗಾವಿ, ಬಾಗಲಕೋಟೆಯವರು ಧಾರವಾಡದ ಹೈಕೋರ್ಟ್ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ. ನಾನು ಒಮ್ಮೆ ವಿಜಯಪುರದ ಆರೋಪಿಯನ್ನು ಧಾರವಾಡಕ್ಕೆ ಕಳಿಸಿದ್ದೆ.

ಟಿವಿಯ ಸುಳ್ಳುಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವುದು?

ಮೂಗಿಗೆ ಕರ್ಚೀಫು ಹಿಡಿದರೆ ಎರಡು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುವುದು ಸುಳ್ಳು. ಕ್ಲೋರೋಫಾರ್ಮಿಗೆ ನಿಮಿಷಗಳೇ ಬೇಕು. ‘ಸಾವು ರಾತ್ರಿ 10 ಗಂಟೆ 20 ನಿಮಿಷಕ್ಕೆ ಆಗಿದೆ’ ಅನ್ನುವ ವೈದ್ಯರೂ ಸುಳ್ಳು. ದೇಹ ಸೆಟೆಯುವುದು, ತಣ್ಣಗಾಗುವುದು ಎಲ್ಲ ಬಿಸಿಲು, ನೀರು, ಮೈಕಟ್ಟು ನೋಡಿ ಬದಲಾಗುತ್ತದೆ. 40 ಡಿಗ್ರಿ ಮುಟ್ಟುವ ನಮ್ಮ ಬೇಸಿಗೆಯಲ್ಲಿ ಲೆಕ್ಕ ಇನ್ನೂ ಬೇಗ ಕೆಡುತ್ತದೆ. ವೈದ್ಯರ ಬಾಯಲ್ಲಿ ‘ಇಷ್ಟರಿಂದ ಇಷ್ಟು ಗಂಟೆಯೊಳಗೆ’ ಅನ್ನುವ ಮಾತೇ ಬರಲಿ. ಆ ಅಗಲದಲ್ಲೇ ಕೊಲೆಗಾರ ಅವಿತುಕೊಳ್ಳಲು ಜಾಗ ಸಿಗುತ್ತದೆ.

ಮೊಬೈಲ್ ಲೊಕೇಶನ್ ಅಂದ ಕೂಡಲೇ ನಕ್ಷೆಯ ಮೇಲೆ ಕೆಂಪು ಚುಕ್ಕಿ ಮಿನುಗುತ್ತದಲ್ಲ, ಅದನ್ನು ದಯವಿಟ್ಟು ಬಿಡಿ. ಕರೆ ದಾಖಲೆಯಿಂದ ಫೋನು ಯಾವ ಟವರಿನ ಕೆಳಗಿತ್ತು ಅಂತ ಗೊತ್ತಾಗುತ್ತದೆ. ಹಳ್ಳಿ ಕಡೆ ಒಂದು ಟವರು ಕಿಲೋಮೀಟರ್‌ಗಟ್ಟಲೆ ಜಾಗ ನೋಡಿಕೊಳ್ಳುತ್ತದೆ. ನನ್ನ ಕಥೆಯಲ್ಲಿ ಶೆಡ್ಡು, ಹೊಂಡ, ಸಿದ್ದಪ್ಪನ ಹೊಲ ಮೂರೂ ಒಂದೇ ಟವರಿನ ಕೆಳಗಿವೆ. ತಂತ್ರಜ್ಞಾನ ಅಲ್ಲಿಗೆ ಕೈ ಎತ್ತಿತು, ದ್ರಾಕ್ಷಿಯೇ ಮಾತಾಡಬೇಕಾಯಿತು.

ಒಂದು ಸುಳ್ಳನ್ನು ಮಾತ್ರ ನಾನು ಬೇಕೆಂದೇ ಇಟ್ಟುಕೊಳ್ಳುತ್ತೇನೆ: ವೇಗ. ಒಳಾಂಗದ ಮಾದರಿ ಲ್ಯಾಬಿಗೆ ಹೋಗಿ ವರದಿ ಬರಲು ಹಿಡಿಯುವ ದಿನಗಳನ್ನು ಇದ್ದ ಹಾಗೆ ತೋರಿಸಿದರೆ ಎಪಿಸೋಡು ಮುಗಿಯುವುದಿಲ್ಲ. ಬೆಳಗಾವಿಯಲ್ಲೂ ಕಲಬುರಗಿಯಲ್ಲೂ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ‘ವರದಿ ಇನ್ನೂ ಬಂದಿಲ್ಲ’ ಅನ್ನುವ ಒಂದು ಮಾತು ಹಾಕಿ ಮುಂದೆ ಹೋಗುತ್ತೇನೆ.

ಜಾಹೀರಾತಿಗೆ ತಕ್ಕ ಹಾಗೆ ಕತ್ತರಿಸುವುದು

ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕುವಂತಿಲ್ಲ ಅನ್ನುವುದು ನಿಯಮ. ಒಂದು ಗಂಟೆಯ ಎಪಿಸೋಡಿಗೆ 48 ನಿಮಿಷ ಇದೆ ಅಂತ ಹಿಡಿದು, ಟೈಟಲ್ಲು, ಹಿಂದಿನ ಕಥೆಗೆ ಸ್ವಲ್ಪ ಬಿಟ್ಟು, ನಾಲ್ಕು ತುಂಡು ಮಾಡಿಕೊಳ್ಳಿ. ಒಂದೊಂದು ತುಂಡಿನ ಕೊನೆಗೂ ಒಂದು ಪ್ರಶ್ನೆ ತೂಗಾಡಬೇಕು. ನನ್ನವು: ಇದು ಜಾರಿ ಬಿದ್ದ ಸಾವಲ್ಲ. ಸಿದ್ದಪ್ಪ ಆ ರಾತ್ರಿ ಮನೆಯಲ್ಲಿರಲಿಲ್ಲ. ಸಿದ್ದಪ್ಪ ನಿಜ ಹೇಳಿದ, ಹಾಗಾದರೆ ಕೈಯಲ್ಲಿ ಯಾರೂ ಇಲ್ಲ. ನಾಲ್ಕನೇ ತುಂಡಿನಲ್ಲಿ ರೇಣುಕಾ. ಬಿಡುವು ಬರುವ ಜಾಗವನ್ನು ಮೊದಲು ಗುರುತು ಮಾಡಿ, ದೃಶ್ಯಗಳನ್ನು ಆಮೇಲೆ ತುಂಬಿ. ತಿರುಗಾಮುರುಗಾ ಮಾಡಿದರೆ ಎಡಿಟರ್ ತನಗೆ ಬೇಕಾದಲ್ಲಿ ಕತ್ತರಿಸುತ್ತಾನೆ.

ಒಂದು ದೃಶ್ಯ ಹತ್ತಿರದಿಂದ

ಸಂಜೆ. ಅಪ್ಪಾಸಾಹೇಬನ ಶೆಡ್ಡಿನಲ್ಲಿ ದ್ರಾಕ್ಷಿ ಹಾಸಿದ ಆಳು ಕಸ್ತೂರೆವ್ವನ ಮನೆ. ಅವಳು ರೊಟ್ಟಿ ಬಡಿಯುತ್ತಿದ್ದಾಳೆ. ರೇಣುಕಾ ಹೊಸ್ತಿಲ ಒಳಗೆ, ಇನ್‌ಸ್ಪೆಕ್ಟರ್ ಹೊರಗೆ ಕಟ್ಟೆಯ ಮೇಲೆ.

ರೇಣುಕಾ: ಅವ್ವಾ, ಅವತ್ತ ರಾತ್ರಿ ಎಷ್ಟೊತ್ತಿಗೆ ಮುಗೀತ ಹಾಸೂದು?

ಕಸ್ತೂರೆವ್ವ: ಕೋಳಿ ಕೂಗೂ ಹೊತ್ತಾಗಿತ್ತು ನೋಡವಾ. ಕೈ ಅಂಬೂದು ಎಣ್ಣಿ ಎಣ್ಣಿ.

ರೇಣುಕಾ: ಬೆಳಕ ಹ್ಯಾಂಗ ಇತ್ತು?

ಕಸ್ತೂರೆವ್ವ: ಎಲ್ಲೀ ಬೆಳಕ? ಕರೆಂಟ್ ಹೋಗಿತ್ತು. ಅಮಾಸಿ ಕತ್ತಲಾ. ಬ್ಯಾಟರಿ ಹಿಡದು ಹಾಸಿದ್ವಿ.

(ಬಡಿಯುವ ಸದ್ದು ಮುಂದುವರಿಯುತ್ತದೆ. ಹೊರಗೆ ಇನ್‌ಸ್ಪೆಕ್ಟರ್ ಚಹಾ ಲೋಟ ಕೆಳಗಿಡುತ್ತಾರೆ.)

ರೇಣುಕಾ: ಅಮಾಸಿ?

ಕಸ್ತೂರೆವ್ವ: ಹೂಂ. ಶಿವರಾತ್ರಿ ಅಮಾಸಿ. ಹಿಂದಿನ ದಿನಾ ಉಪಾಸ ಇದ್ದೆ, ಮರದಿನಾ ರಾತ್ರಿ ನಿದ್ದಿಗೇಡ. ಅಪ್ಪಾಸಾಹೇಬ್ರು ತಾವಽ ಚಾ ಮಾಡಿಸಿ ಕೊಟ್ರು. ಪಾಪ, ಭಾಳ ಚೊಲೋ ಮನಷ್ಯಾ.

ಇಲ್ಲಿ ‘ಅಂದ್ರೆ ಅದು ಸೋಮವಾರ ಅಲ್ಲ!’ ಅಂತ ರೇಣುಕಾ ಬಾಯಲ್ಲಿ ಹೇಳಿಸಲು ಕೈ ಕಡಿಯುತ್ತದೆ. ಹೇಳಿಸಬೇಡಿ. ಅಮಾವಾಸ್ಯೆ ಯಾವತ್ತು ಅಂತ ನಮ್ಮ ನೋಡುಗರಿಗೆ ಯಾರೂ ಲೆಕ್ಕ ಹೇಳಿಕೊಡಬೇಕಿಲ್ಲ. ಗೋಡೆಯ ಕ್ಯಾಲೆಂಡರಿನ ಕಪ್ಪು ಚುಕ್ಕಿಯ ಮೇಲೆ ಕ್ಯಾಮೆರಾ ಹೋದರೆ ಮುಗಿಯಿತು.

ಮಾತಿನ ವಿಷಯದಲ್ಲಿ ಒಂದು ಎಚ್ಚರ. ಉತ್ತರ ಕರ್ನಾಟಕದ ಭಾಷೆ ಅಂತ ಒಂದೇ ಇಲ್ಲ. ಬೆಳಗಾವಿ ನಗರದವರ ಮಾತಿನಲ್ಲಿ ಮರಾಠಿ ಬೆರೆಯುವ ರೀತಿ ಬಾಗಲಕೋಟೆಯವರಲ್ಲಿ ಇರುವುದಿಲ್ಲ. ಎಲ್ಲ ಮಾತಿಗೂ ‘ರೀ’ ಅಂಟಿಸಿದರೆ ಭಾಷೆ ಬರುವುದಿಲ್ಲ. ಸಾಹೇಬರ ಮುಂದೆ ‘ರೀ’, ಮಗಳ ವಯಸ್ಸಿನವಳಿಗೆ ‘ನೋಡವಾ’.

ತಪ್ಪೊಪ್ಪಿಗೆ ಮತ್ತು ಕೊನೆ

ಸೂತ್ರ ತಪ್ಪೊಪ್ಪಿಗೆ ಕೇಳುತ್ತದೆ. ಕಾನೂನು ಅದಕ್ಕೆ ಬೆಲೆ ಕೊಡುವುದಿಲ್ಲ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಆರೋಪಿಯ ವಿರುದ್ಧ ಸಾಕ್ಷಿಯಾಗುವುದಿಲ್ಲ. ಆದರೆ ಅವನು ಹೇಳಿದ್ದರಿಂದ ಒಂದು ವಸ್ತು ಸಿಕ್ಕರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ನಡೆಯುತ್ತದೆ. ಈ ಸಂದಿಯಲ್ಲೇ ನನ್ನ ಕೊನೆ ಇದೆ. ಅಪ್ಪಾಸಾಹೇಬ ಅಳುತ್ತಾ ಎಲ್ಲ ಹೇಳುತ್ತಾನೆ, ನೋಡುವವರಿಗೆ ಸಮಾಧಾನ. ಇನ್‌ಸ್ಪೆಕ್ಟರ್ ಮಾತ್ರ ಪೆನ್ನು ಮುಚ್ಚಿ, ‘ಹರಿದ ಹಾಳೆ ಎಲ್ಲಿ?’ ಅಂತ ಒಂದೇ ಪ್ರಶ್ನೆ ಕೇಳುತ್ತಾರೆ. ಅದು ಗಂಧಕದ ಚೀಲದ ತಳದಲ್ಲಿ ಸಿಗುತ್ತದೆ. ಗುರುವಾರದ ಹಾಜರಿ, ಅಪ್ಪಾಸಾಹೇಬನದೇ ಅಕ್ಷರ. ಸುಟ್ಟು ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಕೂಲಿ ಲೆಕ್ಕ ಇನ್ನೂ ಚುಕ್ತಾ ಆಗಿರಲಿಲ್ಲ. ಲೆಕ್ಕದ ಹಾಳೆ ಸುಡುವ ವ್ಯಾಪಾರಿಯನ್ನು ನಾನು ನೋಡಿಲ್ಲ.

ನಿಜವಾದ ಕೇಸಿಗೆ ಕೈ ಹಾಕುವ ಮುಂಚೆ

ಅತ್ಯಾಚಾರಕ್ಕೆ ಒಳಗಾದವರ ಹೆಸರು, ಗುರುತು ಹೇಳುವುದು ಅಪರಾಧ. ಮಕ್ಕಳ ವಿಷಯದಲ್ಲೂ ಹಾಗೇ. ಊರಿನ ಹೆಸರು, ಅಪ್ಪನ ಅಂಗಡಿ ತೋರಿಸಿದರೂ ಗುರುತು ಹೇಳಿದಂತೆಯೇ. ವಿಚಾರಣೆ ನಡೆಯುತ್ತಿರುವ ಕೇಸಿನಲ್ಲಿ ‘ಇವನೇ ಮಾಡಿದ್ದು’ ಅಂತ ತೋರಿಸುವುದಂತೂ ಬೇಡವೇ ಬೇಡ. ‘ಹೆಸರು ಬದಲಿಸಲಾಗಿದೆ’ ಅನ್ನುವ ಪಟ್ಟಿ ಎಲ್ಲದಕ್ಕೂ ಮದ್ದಲ್ಲ. ಠಾಣೆಗೂ ಹಳ್ಳಿಗೂ ಹೆಸರು ಕಟ್ಟಿಕೊಳ್ಳಿ. ಜಿಲ್ಲೆ, ಬೆಳೆ, ಹವಾಮಾನ ಮಾತ್ರ ನಿಜವಿರಲಿ.

ಕೊಡುವ ಮುಂಚೆ ಯಾರಿಗೆ ಓದಿಸಬೇಕು?

ಬರಹಗಾರ ಗೆಳೆಯರಿಗೆ ಆಮೇಲೆ. ಮೊದಲು ಆ ಕಸುಬಿನವರಿಗೆ ಓದಿ ಹೇಳಿ. ನಾನು ತಿಕೋಟಾ ಹತ್ತಿರ ದ್ರಾಕ್ಷಿ ಬೆಳೆಯುವ ನಮ್ಮ ಮಾವನ ಮನೆಯಲ್ಲಿ ಕೂತು ಇಡೀ ಸ್ಕ್ರಿಪ್ಟ್ ಓದಿದೆ. ಕೊಲೆಗಾರ ಯಾರು ಅಂತ ಅವರಿಗೆ ಎರಡನೇ ದೃಶ್ಯಕ್ಕೇ ಗೊತ್ತಾಯಿತು. ‘ಹಳದಿ ಕಾಯಿ ಇಟ್ಕೊಂಡು ನಿನ್ನಿ ಹಾಸಿದ್ದು ಅಂತಾನಲ್ಲ!’ ಅಂದರು. ನನಗೆ ಗಾಬರಿಯಾಯಿತು. ಪಕ್ಕದಲ್ಲಿ ಕೂತಿದ್ದ, ಪುಣೆಯಲ್ಲಿ ಕೆಲಸ ಮಾಡುವ ಅವರ ಮಗನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮಾವ ಅವನ ಮುಖ ನೋಡಿ ಕಣ್ಣು ಮಿಟುಕಿಸುತ್ತಾ, ಬಾಯಿ ಬಿಡದೆ ಪೂರ್ತಿ ಕೇಳಿದರು. ಸರಿ, ಇದನ್ನು ಬದಲಿಸಬೇಕಿಲ್ಲ ಅಂದುಕೊಂಡೆ.

ಓದಿ ಮುಗಿಸಿದ ಮೇಲೆ ಅವರು ಕೇಳಿದ್ದು ಬೇರೆಯೇ. ‘ಅಂವಾ ಜಗಳಾ ಆಡೂಮುಂದ ಡಿಪ್ಪಿಂಗ್ ಆಯಿಲ್ಲಿನ ಟಾಕಿ ಹತ್ರ ನಿಂತಿದ್ದಾ ಅಂತ ಬರದೀ. ಆ ಎಣ್ಣಿ ಕೈಲೆ ಕುತ್ತಗಿ ಹಿಡದ್ರ ಜಾರೂದಿಲ್ಲೇನ?’ ಹದಿನೇಳನೇ ದೃಶ್ಯವನ್ನು ಅವತ್ತೇ ರಾತ್ರಿ ಮತ್ತೆ ಬರೆದೆ. ಈಗ ಅಪ್ಪಾಸಾಹೇಬ ಮೊದಲು ಟವೆಲಿಗೆ ಕೈ ಒರೆಸಿಕೊಳ್ಳುತ್ತಾನೆ. ನಿಧಾನವಾಗಿ, ಒಂದೊಂದೇ ಬೆರಳು.